ಮೊಪೆಡ್ಡಿನ ದೀಪ, ಕೆರೆಯ ಕೋಡಿ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದವನು ಇಂದು ವಿದ್ಯುತ್ತಿನ ವಿಷಯವಾಗಿ ಮಾತನಾಡಹೊರಟಿರುವುದು ತಮಗೆ ಅಧಿಕಪ್ರಸಂಗವೆಂದು ತೋರಬಹುದು. ಇದಕ್ಕೆ ಕಾರಣ ಸುಟ್ಟುಹೋದ ಎರಡು ಬಲ್ಬುಗಳು. ಒಂದು 1986ರಲ್ಲಿ ಸುಟ್ಟದ್ದು. ಇನ್ನೊಂದು ಕಳೆದ ಮಳೆಗಾಲದಲ್ಲಿ.

ಮೊಪೆಡ್ ಎಂಬ ಶಬ್ದ 1952ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಹುಟ್ಟಿತು. ಮೋಟಾರಿನ ಮೊದಲ ಅಕ್ಷರಗಳಿಗೂ ಪೆಡಲಿನ ಮೊದಲ ಅಕ್ಷರಗಳಿಗೂ ಗಂಟು ಹಾಕಿ ಮಾಡಿದ ಸಮಾಸ ಅದು. ಸೈಕಲ್ಲಿಗೆ ಎಂಜಿನು ಕಟ್ಟಿದರೆ ಹೇಗೋ ಹಾಗೆ ಇದ್ದ ಅಂಥದೊಂದು ವಾಹನವನ್ನು, ಅಧ್ಯಾಪಕನಾದ ಹೊಸದರಲ್ಲಿ, ನಾನೂ ಕೊಂಡಿದ್ದೆ. ಒಂದು ಸಂಜೆ ಪೇಟೆಯ ಮೆಕ್ಯಾನಿಕ್ ಹೇಳಿದ: “ಮೇಷ್ಟ್ರೇ, ಹಿಂದಿನ ಬಲ್ಬು ಹೋಗಿದೆ. ಹಾಕಿಸ್ಕೊಂಡು ಹೋಗಿ. ಇಲ್ಲದಿದ್ರೆ ಮುಂದಿಂದೂ ಹೋಗುತ್ತೆ.” ಹಿಂದಿನ ದೀಪ ಕೆಟ್ಟರೆ ಮುಂದಿನದಕ್ಕೇನು ಸಂಬಂಧ? ಬಲ್ಬು ಮಾರುವ ಉಪಾಯವಿದು ಎಂದುಕೊಂಡು ನಕ್ಕು ಹೊರಟೆ. ಹಿಂದೆ ಕ್ಯಾರಿಯರಿನ ಮೇಲೆ ನನ್ನ ಹೆಂಡತಿ ಕುಳಿತಿದ್ದಳು. ಕೆರೆಯ ಏರಿಯ ಮೇಲೆ ವೇಗ ಹೆಚ್ಚಿಸಿದಾಗ ಮುಂದಿನ ದೀಪ ಎಂದೂ ಇಲ್ಲದಷ್ಟು ಬೆಳ್ಳಗೆ ಉರಿಯಿತು. ನನಗೆ ಸಂತೋಷವೇ ಆಯಿತು. ಮರುಕ್ಷಣ ಕತ್ತಲೆ. ಎದುರಿಗೆ ಲಾಟೀನಿಲ್ಲದ ಎತ್ತಿನ ಗಾಡಿ. ಅದನ್ನು ತಪ್ಪಿಸಲು ಹೋಗಿ ಇಬ್ಬರೂ ಏರಿಯ ಕಲ್ಲುಗಳ ಮೇಲೆ ಬಿದ್ದೆವು. ಆಕೆಯ ಬಲ ಮಣಿಕಟ್ಟು ಮುರಿಯಿತು. ಚಳಿಗಾಲದಲ್ಲಿ ಅದು ಇಂದಿಗೂ ನೋಯುತ್ತದೆ.

ಮೆಕ್ಯಾನಿಕ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಏಕೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಅಂಥ ವಾಹನದ ಎಂಜಿನಿನಲ್ಲಿ ತಿರುಗುವ ಚಕ್ರವೊಂದುಂಟು. ಅದರ ಒಳಬದಿಗೆ ಕಾಂತಗಳನ್ನು ಕೂರಿಸಿರುತ್ತಾರೆ. ನಡುವೆ ಅಲುಗಾಡದೆ ತಂತಿಯ ಸುರುಳಿಗಳು ನಿಂತಿರುತ್ತವೆ: ಒಂದು ಎಂಜಿನಿನ ಕಿಡಿಗೆ, ಇನ್ನೊಂದು ದೀಪಕ್ಕೆ. ಕಾಂತ ಸುರುಳಿಯ ಬಳಿ ಸರಿದಾಡಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡದ್ದೇ ಇದರ ಮೂಲ. ಚಕ್ರ ಎರಡರಷ್ಟು ವೇಗವಾಗಿ ತಿರುಗಿದರೆ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜೂ ಎರಡರಷ್ಟು. ಕಾರಿನ ಆಲ್ಟರ್ನೇಟರಿನಲ್ಲಿ ಕಾಂತಕ್ಕೇ ವಿದ್ಯುತ್ತು ಹರಿಸಿ ಅದರ ಬಲವನ್ನು ಬೇಕಾದಂತೆ ತಗ್ಗಿಸಬಹುದು. ಇಲ್ಲಿಯದು ಶಾಶ್ವತ ಕಾಂತ, ಅದನ್ನು ತಗ್ಗಿಸುವಂತಿಲ್ಲ.

ಹಾಗಿದ್ದರೆ ದೀಪಗಳು ದಿನವೂ ಏಕೆ ಸುಡುತ್ತಿರಲಿಲ್ಲ? ವೇಗ ಹೆಚ್ಚಿದಂತೆ ವಿದ್ಯುತ್ತು ಹಿಂದುಮುಂದಾಗುವ ಸಲವೂ ಹೆಚ್ಚುತ್ತದೆ. ಆಗ ಸುರುಳಿ ತನ್ನ ಪ್ರವಾಹವನ್ನು ತಾನೇ ತಡೆಯತೊಡಗುತ್ತದೆ. ಆದ್ದರಿಂದ ಒಂದು ಹಂತ ದಾಟಿದ ಮೇಲೆ ಹರಿಯುವ ಪ್ರವಾಹ ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತದೆ. ತಯಾರಿಸಿದವರು ಆ ಪ್ರವಾಹಕ್ಕೆ ಸರಿಯಾಗಿ ಬಲ್ಬುಗಳನ್ನು ಗೊತ್ತುಮಾಡಿದ್ದರು. 6 ವೋಲ್ಟಿನಲ್ಲಿ 15 ವ್ಯಾಟಿನ ಮುಂದಿನ ಬಲ್ಬಿಗೆ ಎರಡೂವರೆ ಆಂಪಿಯರು, 3 ವ್ಯಾಟಿನ ಹಿಂದಿನದಕ್ಕೆ ಅರ್ಧ; ಒಟ್ಟು 3. ಹಿಂದಿನದು ಸುಟ್ಟೊಡನೆ ಅದರ ಪಾಲೂ ಮುಂದಿನದರ ಮೇಲೆ ಬೀಳುತ್ತದೆ. ಬಲ್ಬಿನ ಎಳೆಯಾದರೋ ಬಲು ಸೂಕ್ಷ್ಮ. ವೋಲ್ಟೇಜು ನೂರಕ್ಕೆ ಐದರಷ್ಟು ಏರಿದರೂ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಅಂದರೆ, ಆ ವಾಹನದಲ್ಲಿ ಬಲ್ಬುಗಳೇ ಒಂದಕ್ಕೊಂದು ಕಾವಲಾಗಿದ್ದವು. ಬೇರೆ ನಿಯಂತ್ರಣವೇ ಇರಲಿಲ್ಲ.

ಇದನ್ನೆಲ್ಲ ಮತ್ತೆ ನೆನಪಿಸಿದವನು ನಮ್ಮ ಬೀದಿಗೆ ಹಾಲು ಹಾಕುವ ಹುಡುಗ. ನಸುಕಿನ ನಾಲ್ಕೂವರೆಗೆ ಹೆದ್ದಾರಿ ದಾಟಿ ಬರುತ್ತಾನೆ. ವಾಹನ ಅವನ ತಂದೆಯ ಕಾಲದ್ದು. ಕಳೆದ ಮಳೆಗಾಲದಲ್ಲಿ ಮುಂದಕ್ಕೆ ಹೊಸ ಎಲ್‌ಇಡಿ ದೀಪ ಹಾಕಿಸಿದ. ವಾರದೊಳಗೆ ಹಿಂದಿನ ಬಲ್ಬು ಸುಟ್ಟಿತು; ಹೊಸದು ಹಾಕಿದರೆ ಅದೂ ಸುಟ್ಟಿತು. ಬಳಿಕ ದೀಪದ ತಂತಿಯಿಂದಲೇ ಮೊಬೈಲಿಗೆ ಚಾರ್ಜ್ ಮಾಡಲು ಹೋಗಿ ಆ ಚಾರ್ಜರನ್ನೂ ಕಳೆದುಕೊಂಡ. “ಕರೆಂಟು ಕಡಿಮೆ ತಿನ್ನೋ ದೀಪ ಹಾಕಿದ್ರೆ ಒಳ್ಳೇದಲ್ವಾ ಮೇಷ್ಟ್ರೇ?” ಎಂದು ಅವನ ಪ್ರಶ್ನೆ. ಕಡಿಮೆ ತಿಂದದ್ದೇ ತೊಂದರೆ. ಅದು ಬಿಟ್ಟ ಪಾಲನ್ನು ಉಳಿದವು ಉಣ್ಣಬೇಕಾಯಿತು. ಹಿಂದೆ ದೀಪವಿಲ್ಲದೆ, ಲಾರಿಗಳ ಮುಂದೆ, ಹುಡುಗ ಹದಿನೈದು ದಿನ ಓಡಾಡಿದ್ದ. ನನಗೆ ನನ್ನ ಏರಿ ನೆನಪಾಯಿತು.

ಅವನಿಗೆ ನಾನು ಹೇಳಿದ್ದು ಕೆರೆಯ ಲೆಕ್ಕದಲ್ಲಿ. ಕೆರೆಗೆ ತೂಬೂ ಇದೆ, ಕೋಡಿಯೂ ಇದೆ. ಬೇಕಾದಷ್ಟು ನೀರು ತೂಬಿನಿಂದ ಗದ್ದೆಗೆ. ಮಿತಿ ಮೀರಿದ್ದು ಕೋಡಿಯ ಮೇಲಿಂದ ಹಳ್ಳಕ್ಕೆ. ಕೋಡಿಯಿಲ್ಲದ ಕೆರೆಯ ಏರಿ ಒಡೆಯುತ್ತದೆ. ರೆಗ್ಯುಲೇಟರ್ ಎಂಬ ಪುಟ್ಟ ಪೆಟ್ಟಿಗೆ ಇಲ್ಲಿ ಕೋಡಿಯ ಕೆಲಸ ಮಾಡುತ್ತದೆ. ವೋಲ್ಟೇಜು ಗೊತ್ತಾದ ಮಿತಿ ದಾಟಿದೊಡನೆ ಅದು ಸುರುಳಿಯನ್ನು ಕ್ಷಣಕಾಲ ಅರ್ತ್‌ಗೆ ಕೂಡಿಸಿಬಿಡುತ್ತದೆ; ಸೆಕೆಂಡಿಗೆ ನೂರಾರು ಸಲ ಹೀಗೆ. ಸುರುಳಿ ಸುಡುವುದಿಲ್ಲವೇ ಎಂದು ಹುಡುಗ ಕೇಳಿದ, ಜಾಣ. ಪ್ರವಾಹವನ್ನು ತಾನೇ ತಡೆಯುವ ಆ ಸುರುಳಿಯ ಗುಣ ಇಲ್ಲಿ ಕೈಹಿಡಿಯುತ್ತದೆ. ಪೆಟ್ರೋಲೂ ಹೆಚ್ಚೇನು ಖರ್ಚಾಗದು. ಶಕ್ತಿಯೆಂದರೆ ವೋಲ್ಟೇಜೂ ಪ್ರವಾಹವೂ ಕೂಡಿದ ಗುಣಲಬ್ಧ. ಅರ್ತಾದಾಗ ವೋಲ್ಟೇಜು ಬಹುಪಾಲು ಕುಸಿದಿರುತ್ತದೆ.

ಮೊಬೈಲಿನ ಮಾತು ಬೇರೆ. ಅದಕ್ಕೆ ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವ 5 ವೋಲ್ಟು. ಆದ್ದರಿಂದ ಕೋಡಿಯ ಈಚೆಗೆ ನಾಲ್ಕು ಡಯೋಡುಗಳ ಸೇತುವೆಯಿಟ್ಟು ಹಿಂದುಮುಂದಿನ ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು. ಈ ಸುಂಕದ ಕಟ್ಟೆಯಲ್ಲಿ ಸುಮಾರು 1.4 ವೋಲ್ಟು ಕಳೆಯುತ್ತದೆ. ಮುಂದೆ ಏರಿಳಿತ ಸಮಮಾಡಲು ಕೆಪಾಸಿಟರ್. ಕೊನೆಗೆ 5 ವೋಲ್ಟಿಗೆ ಇಳಿಸುವ ಮಂಡಲ. ಹಳೆಯ ಬಗೆಯದು 8 ವೋಲ್ಟನ್ನು 5ಕ್ಕೆ ಇಳಿಸುವಾಗ ಪ್ರತಿ ಆಂಪಿಯರಿಗೆ 3 ವ್ಯಾಟನ್ನು ಬರಿಯ ಶಾಖವಾಗಿ ಚೆಲ್ಲುತ್ತದೆ. ಅತಿವೇಗವಾಗಿ ಮುಚ್ಚಿ ತೆರೆಯುವ ಹೊಸ ಬಗೆಯದು ಅಷ್ಟು ಚೆಲ್ಲದು. ಎಂಜಿನು ನಿಧಾನವಾದಾಗ ಚಾರ್ಜು ನಿಲ್ಲಬಹುದು. ನಡುವೆ ಸಣ್ಣ ಬ್ಯಾಟರಿಯೊಂದಿದ್ದರೆ ಆ ಕಾಟವಿಲ್ಲ. ಕಿಡಿಯ ಸುರುಳಿಯ ತಂತಿಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು.

ಹುಡುಗ ಇಷ್ಟನ್ನೂ ಮೆಕ್ಯಾನಿಕ್ಕಿನ ಬಳಿ ಕುಳಿತು ಮಾಡಿಸಿಕೊಂಡ. ಆದರೂ ಮೊದಲ ದಿನ ಬಲ್ಬು ಮತ್ತೆ ಸುಟ್ಟಿತು. ನೋಡಿದರೆ, ಪೆಟ್ಟಿಗೆಯನ್ನು ಚಾಸಿಯ ಬಣ್ಣದ ಮೇಲೆಯೇ ಬಿಗಿದಿದ್ದರು, ಅರ್ತ್ ಸಿಕ್ಕಿರಲಿಲ್ಲ. ಉಪ್ಪುಕಾಗದದಿಂದ ಬಣ್ಣ ಉಜ್ಜಿ, ಬರಿಯ ಕಬ್ಬಿಣಕ್ಕೆ ಕೂಡಿಸಿ ಮತ್ತೆ ಬಿಗಿದರು. ಈಗ ನಸುಕಿನಲ್ಲಿ ಅವನು ತಿರುವು ದಾಟುವಾಗ ನನ್ನ ಹೆಂಡತಿ ಕಿಟಕಿಯಿಂದ ನೋಡಿ, “ಹಿಂದಿನ ಕೆಂಪು ದೀಪ ಉರೀತಾ ಇದೆ ಕಣ್ರೀ” ಎನ್ನುತ್ತಾಳೆ.