ಬೆಟ್ಟದ ಹಾದಿಯೂ ಪೆಟ್ರೋಲಿನ ಲೆಕ್ಕವೂ

ಕಾರು ಹೆಚ್ಚು ಪೆಟ್ರೋಲು ಕುಡಿಯಲಾರಂಭಿಸಿದಾಗ ನಾವು ಮೊದಲು ದೂರುವುದು ರಸ್ತೆಯನ್ನು, ಆಮೇಲೆ ಪೆಟ್ರೋಲ್ ಬಂಕನ್ನು, ಕೊನೆಗೆ ಕಾರಿನ ವಯಸ್ಸನ್ನು. ನಮ್ಮ ಗುಂಡ್ಲುಪೇಟೆಯ ಸೀಮೆಯಲ್ಲಂತೂ ದೂರುವುದಕ್ಕೆ ಮತ್ತೊಂದು ದೊಡ್ಡ ವಸ್ತು ಸಿದ್ಧವಾಗಿಯೇ ನಿಂತಿದೆ: ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಮನೆಗೆ ಬಂದ ನೆಂಟರನ್ನು ಬೆಟ್ಟಕ್ಕೆ ಕರೆದೊಯ್ದು ಹಿಂದಿರುಗಿದ ಮೇಲೆ ಪೆಟ್ರೋಲಿನ ಮುಳ್ಳು ಕೆಳಗಿಳಿದಿದ್ದರೆ, “ಬೆಟ್ಟದ ದಾರಿಯಲ್ಲವೆ, ಕುಡಿಯದೆ ಇರುತ್ತದೆಯೆ?” ಎಂದು ಹೇಳಿ ಸುಮ್ಮನಾಗುತ್ತೇವೆ. ಬೆಟ್ಟವು ಮರುಮಾತಾಡುವುದಿಲ್ಲವಾದ್ದರಿಂದ ಅಪವಾದವು ಅದರ ಮೇಲೆಯೇ ನಿಂತುಬಿಡುತ್ತದೆ. ಈ ಅಪವಾದದಲ್ಲಿ ನಿಜವೆಷ್ಟು, ಬೆಟ್ಟದ್ದಲ್ಲವಾದರೆ ತಪ್ಪು ಯಾರದು, ಅದನ್ನು ಕಂಡುಹಿಡಿಯುವ ಕ್ರಮವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ಯಂತ್ರಶಾಸ್ತ್ರ ಓದಿದವನಲ್ಲ. ಆದರೆ ಇದು ಮೊದಲು ಲೆಕ್ಕದ ಪ್ರಶ್ನೆ, ಆಮೇಲೆ ಯಂತ್ರದ ಪ್ರಶ್ನೆ. ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಹಳೆಯದಾದ ಒಂದು ಸಣ್ಣ ಪೆಟ್ರೋಲ್ ಕಾರಿದೆ. ತಾಯಿಯವರನ್ನು ಚಿಕಿತ್ಸೆಗಾಗಿ ವಾರಕ್ಕೊಮ್ಮೆ ಮೈಸೂರಿಗೆ ಕರೆದುಕೊಂಡು ಹೋಗಬೇಕು. ಹೋಗಿಬರಲು ಸುಮಾರು ೧೨೦ ಕಿಲೋಮೀಟರು. ಇತರ ಓಡಾಟವೂ ಸೇರಿ ತಿಂಗಳಿಗೆ ೬೦೦ ಕಿಲೋಮೀಟರು. ಲೀಟರಿಗೆ ೧೭ ಕಿಲೋಮೀಟರು ಓಡುತ್ತಿದ್ದ ಕಾರು ೧೨ಕ್ಕೆ ಇಳಿಯಿತು. ಅಂದರೆ ತಿಂಗಳಿಗೆ ೩೫ ಲೀಟರು ಸಾಲುತ್ತಿದ್ದಲ್ಲಿ ೫೦ ಲೀಟರು ಬೇಕಾಯಿತು. ಪೆಟ್ರೋಲಿನ ಬೆಲೆ ಲೀಟರಿಗೆ ನೂರು ರೂಪಾಯಿಯನ್ನು ದಾಟಿರುವ ಕಾಲದಲ್ಲಿ ಈ ಹದಿನೈದು ಲೀಟರಿನ ಭಾರವೆಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಾರನ್ನು ಮಾರಿಬಿಡುವ ಮಾತು ಮನೆಯಲ್ಲಿ ಎದ್ದಿತು. ಬಸ್ಸಿನಲ್ಲಿ ಕುಳಿತು ಹೋಗಿಬರುವ ಶಕ್ತಿ ತಾಯಿಯವರಿಗೆ ಇರಲಿಲ್ಲ. ಆದುದರಿಂದ ಮಾರುವ ಮೊದಲು ಲೆಕ್ಕ ನೋಡಿಬಿಡೋಣವೆಂದು ತಂದೆಯವರೂ ನಾನೂ ನಿಶ್ಚಯಿಸಿದೆವು.

ಮೊದಲನೆಯ ಕೆಲಸ ಅಳೆಯುವುದು. ಕಾರಿನ ಮುಳ್ಳನ್ನಾಗಲಿ, ಗಾಜಿನ ಮೇಲೆ ಹೊಳೆಯುವ ಅಂಕಿಯನ್ನಾಗಲಿ ನಂಬತಕ್ಕದ್ದಲ್ಲ. ಬಂಕಿನಲ್ಲಿ ಪಂಪು ತಾನಾಗಿಯೇ ನಿಲ್ಲುವವರೆಗೆ ಟ್ಯಾಂಕನ್ನು ತುಂಬಿಸಿ ಮೀಟರಿನ ಅಂಕಿಯನ್ನು ಬರೆದುಕೊಳ್ಳಬೇಕು. ಮುನ್ನೂರು ಕಿಲೋಮೀಟರು ಓಡಿಸಿದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಅದೇ ರೀತಿ ತುಂಬಿಸಬೇಕು. ಓಡಿದ ದೂರವನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ನಿಜವಾದ ಅಂಕಿ ದೊರೆಯುತ್ತದೆ. ನಮ್ಮ ಕಾರು ೩೨೪ ಕಿಲೋಮೀಟರಿಗೆ ೨೭ ಲೀಟರು ಹಿಡಿಯಿತು. ಭಾಗಲಬ್ಧ ಸರಿಯಾಗಿ ೧೨. ಮೀಟರೇ ಸುಳ್ಳು ಹೇಳಬಹುದಲ್ಲವೆ ಎಂದು ಕೇಳುವವರಿಗೆ ಮೈಸೂರು ರಸ್ತೆಯ ಕಿಲೋಮೀಟರು ಕಲ್ಲುಗಳೇ ಸಾಕ್ಷಿ: ಹತ್ತು ಕಲ್ಲು ದಾಟುವಷ್ಟರಲ್ಲಿ ಮೀಟರು ಹತ್ತು ತೋರಿಸಬೇಕು. ಬಂಕಿನವರ ಅಳತೆಯ ಮೇಲೆ ಸಂದೇಹವಿದ್ದವರು, ಕಾನೂನು ಮಾಪನ ಇಲಾಖೆಯ ಮುದ್ರೆಯುಳ್ಳ ಐದು ಲೀಟರಿನ ಪಾತ್ರೆಯಲ್ಲಿ ಅಳೆದು ತೋರಿಸಿರೆಂದು ಕೇಳಬಹುದು. ಹಾಗೆ ಕೇಳುವ ಹಕ್ಕು ಗ್ರಾಹಕನಿಗಿದೆ. ನಾವು ಕೇಳಿದೆವು, ಅಳತೆ ಸರಿಯಾಗಿತ್ತು. ಕಲ್ಲುಗಳೂ ಮೀಟರೂ ಒಂದೇ ಮಾತು ಹೇಳಿದವು.

ಇನ್ನು ಬೆಟ್ಟದ ವಿಚಾರ. ಗೋಪಾಲಸ್ವಾಮಿ ಬೆಟ್ಟದ ಎತ್ತರ ೧೪೫೪ ಮೀಟರು. ಗುಂಡ್ಲುಪೇಟೆಯು ಸುಮಾರು ೮೦೦ ಮೀಟರು ಎತ್ತರದಲ್ಲಿದೆ. ವ್ಯತ್ಯಾಸ ೬೫೦ ಮೀಟರು. ನಾಲ್ವರು ಕುಳಿತ ಸಣ್ಣ ಕಾರಿನ ಭಾರ ೧೨೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅಷ್ಟು ಭಾರವನ್ನು ಅಷ್ಟೆತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು ೭೬ ಲಕ್ಷ ಜೂಲು. ಈಗ ಬಂಕಿನಲ್ಲಿ ದೊರೆಯುವ ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ೩೦೦ ಲಕ್ಷ ಜೂಲು ಶಕ್ತಿಯಿದೆ. ಅದರಲ್ಲಿ ಮುಕ್ಕಾಲು ಪಾಲು ಶಾಖವಾಗಿ ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಹೊರಟುಹೋಗಿ, ಕಾಲು ಭಾಗ ಮಾತ್ರ, ಎಂದರೆ ೭೫ ಲಕ್ಷ ಜೂಲು, ಗಾಲಿಯನ್ನು ತಲಪುತ್ತದೆಂದು ಹಿಡಿಯಬಹುದು. ಆದುದರಿಂದ ಪೇಟೆಯಿಂದ ಶಿಖರದವರೆಗಿನ ಇಡೀ ಏರಿಕೆಗೆ ಬೀಳುವ ಹೆಚ್ಚಿನ ವೆಚ್ಚ ಒಂದೇ ಒಂದು ಲೀಟರು! ಅದರಲ್ಲಿಯೂ ಒಂದಂಶ ಇಳಿಯುವಾಗ ಹಿಂದಕ್ಕೆ ಬರುತ್ತದೆ.

ಇಷ್ಟಾದರೂ ಆ ಒಂದು ಲೀಟರನ್ನು ನಮ್ಮ ಕಾರಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಏಕೆಂದರೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ ಈ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ. ತಪ್ಪಲಿನಲ್ಲಿ ಕಾರನ್ನು ನಿಲ್ಲಿಸಿ, ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸಿನಲ್ಲಿ ಮೇಲೇರಬೇಕು. ಬೆಟ್ಟ ಹತ್ತುವುದು ಬಸ್ಸು, ಆಯಾಸವಾಯಿತೆನ್ನುವುದು ಕಾರು! ಮೈಸೂರಿನ ದಾರಿಯಲ್ಲಂತೂ ಏರಿಳಿತವೇ ಸ್ವಲ್ಪ. ಎರಡು ಊರುಗಳ ಎತ್ತರದಲ್ಲಿ ಸುಮಾರು ಐವತ್ತು ಮೀಟರಿನ ಅಂತರವಿದ್ದರೆ ಅದರ ವೆಚ್ಚ ಒಂದು ಲೋಟ ಪೆಟ್ರೋಲಿಗಿಂತಲೂ ಕಡಮೆ. ಬೆಟ್ಟವು ನಿರ್ದೋಷಿಯೆಂಬುದರಲ್ಲಿ ಸಂದೇಹವಿಲ್ಲ.

ಎರಡನೆಯ ಆಪಾದಿತ ಪೆಟ್ರೋಲು. ಇಲ್ಲಿ ಸ್ವಲ್ಪ ನಿಜವಿದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥೆನಾಲನ್ನು ಬೆರೆಸುತ್ತಾರೆ. ಕಬ್ಬಿನಿಂದಲೂ ಧಾನ್ಯಗಳಿಂದಲೂ ತೆಗೆದ ಮದ್ಯಸಾರವಿದು. ಬೆರಕೆಯ ಪ್ರಮಾಣ ೨೦೨೨ರಲ್ಲಿ ನೂರಕ್ಕೆ ಹತ್ತನ್ನೂ ೨೦೨೫ರಲ್ಲಿ ನೂರಕ್ಕೆ ಇಪ್ಪತ್ತನ್ನೂ ಮುಟ್ಟಿತು. ಒಂದು ಲೀಟರು ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಆದ್ದರಿಂದ ಐದರಲ್ಲೊಂದು ಭಾಗ ಎಥೆನಾಲು ಸೇರಿದರೆ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಆರೇಳರಷ್ಟು ಕಡಮೆಯಾಗಲೇಬೇಕು. ಶುದ್ಧ ಪೆಟ್ರೋಲಿಗಾಗಿ ರೂಪಿಸಿ, ಹತ್ತರ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ಇಪ್ಪತ್ತರ ಬೆರಕೆಯಿಂದ ಇಷ್ಟೇ ನಷ್ಟವಾದೀತೆಂದು ನೀತಿ ಆಯೋಗದ ೨೦೨೧ರ ವರದಿಯೂ ಅಂದಾಜು ಮಾಡಿತ್ತು. ನಮ್ಮ ಲೆಕ್ಕಕ್ಕೆ ಇದನ್ನು ಅನ್ವಯಿಸಿದರೆ ೧೭ ಇದ್ದದ್ದು ೧೬ಕ್ಕೆ ಬರಬೇಕು. ಕಳೆದುಹೋದ ಐದರಲ್ಲಿ ಒಂದು ಪೆಟ್ರೋಲಿನ ಪಾಲು. ಉಳಿದ ನಾಲ್ಕು ಎಲ್ಲಿಗೆ ಹೋಯಿತು?

ಈ ಘಟ್ಟದಲ್ಲಿ ಅನೇಕರು ನೇರವಾಗಿ ಎಂಜಿನನ್ನು ಬಿಚ್ಚಿಸಲು ಹೊರಡುತ್ತಾರೆ. ಹಾಗೆ ಮಾಡಬಾರದು. ವೈದ್ಯರು ಮೊದಲು ನಾಡಿ ಹಿಡಿದು, ಆಮೇಲೆ ಎಕ್ಸರೆಯ ಮಾತೆತ್ತುವಂತೆ, ಖರ್ಚಿಲ್ಲದ ಪರೀಕ್ಷೆಯಿಂದ ತೊಡಗಿ ಖರ್ಚಿನ ಪರೀಕ್ಷೆಗೆ ಹೋಗಬೇಕು.

ಖರ್ಚಿಲ್ಲದ ಪರೀಕ್ಷೆಗಳಲ್ಲಿ ಮೊದಲನೆಯದು ಟೈರಿನ ಗಾಳಿ. ಎಷ್ಟು ಒತ್ತಡವಿರಬೇಕೆಂಬುದು ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಕಾರು ಓಡುವ ಮುಂಚೆ, ಬೆಳಗಿನ ತಂಪಿನಲ್ಲಿ ಅಳೆಯಬೇಕು. ಓಡಿ ಬಿಸಿಯಾದ ಟೈರು ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಗಾಳಿ ಕಡಮೆಯಾದ ಟೈರು ಪ್ರತಿ ಸುತ್ತಿನಲ್ಲಿಯೂ ನೆಲಕ್ಕೆ ಚಪ್ಪಟೆಯಾಗಿ ಮತ್ತೆ ಉಬ್ಬಿ, ಆ ನುಲಿತದಲ್ಲಿಯೇ ಶಕ್ತಿಯನ್ನು ತಿನ್ನುತ್ತದೆ. ನಮ್ಮ ಕಾರಿಗೆ ೩೦ ಪೌಂಡು ಇರಬೇಕಾದಲ್ಲಿ ಎರಡು ಟೈರುಗಳಲ್ಲಿ ೨೨ ಮಾತ್ರ ಇತ್ತು.

ಎರಡನೆಯದು ಗಾಲಿಗಳು ಸರಾಗವಾಗಿ ಉರುಳುತ್ತವೆಯೆ ಎಂಬುದು. ಸಮತಟ್ಟಾದ ಜಾಗದಲ್ಲಿ ಗೇರನ್ನು ಬಿಡಿಸಿ, ಕೈಬ್ರೇಕು ಇಳಿಸಿ, ಒಬ್ಬರು ಒಳಗೆ ಕುಳಿತಿದ್ದು ಇನ್ನೊಬ್ಬರು ತಳ್ಳಿದರೆ ಸಣ್ಣ ಕಾರು ಚಲಿಸಬೇಕು. ನಮ್ಮದು ಹಟಮಾಡಿದ ಎತ್ತಿನಂತೆ ನಿಂತಿತು. ಆಮೇಲೆ ಹೆಚ್ಚು ಬ್ರೇಕು ಹಾಕದೆ ಹತ್ತು ಕಿಲೋಮೀಟರು ಓಡಿಸಿ, ನಾಲ್ಕು ಗಾಲಿಗಳ ಬಳಿಗೂ ಅಂಗೈಯನ್ನು ಒಯ್ದು ನೋಡಿದೆವು. ಮುಟ್ಟಬಾರದು, ಸುಟ್ಟೀತು, ಸಮೀಪಕ್ಕೆ ಒಯ್ದರೆ ಸಾಕು. ಮೂರು ಗಾಲಿಗಳು ಬೆಚ್ಚಗಿದ್ದವು; ಮುಂದಿನ ಎಡಗಾಲಿಯಿಂದ ಒಲೆಯ ಝಳದಂತೆ ಬಿಸಿ ಬರುತ್ತಿತ್ತು. ಬ್ರೇಕಿನ ಕ್ಯಾಲಿಪರು ಜಾರಬೇಕಾದ ಕಂಬಿ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಕಾಲನ್ನು ತೆಗೆದ ಮೇಲೂ ಬ್ರೇಕು ಬಿಡುತ್ತಿರಲಿಲ್ಲ.

ಇಷ್ಟು ಸಣ್ಣ ದೋಷದಿಂದ ಅಷ್ಟು ನಷ್ಟವಾಗುವುದುಂಟೆ? ಅದನ್ನೂ ಲೆಕ್ಕ ಹಾಕಬಹುದು. ಹತ್ತು ಕಿಲೋ ತೂಕದಷ್ಟೇ ಎಳೆತ ಹಿಂದಕ್ಕೆ ಇದೆಯೆನ್ನೋಣ. ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ಅದು ಒಂದು ಲಕ್ಷ ಜೂಲನ್ನು ತಿನ್ನುತ್ತದೆ. ಅದಕ್ಕೆ ೧೩ ಮಿಲಿಲೀಟರು ಪೆಟ್ರೋಲು ಬೇಕು. ಲೀಟರಿಗೆ ೧೬ ಓಡುವ ಕಾರು ಕಿಲೋಮೀಟರಿಗೆ ಬಳಸುವುದು ಸುಮಾರು ೬೨ ಮಿಲಿಲೀಟರು. ಎರಡನ್ನೂ ಕೂಡಿಸಿದರೆ ೭೫. ಎಂದರೆ ೧೬ ಇದ್ದದ್ದು ೧೩ಕ್ಕೆ ಇಳಿಯಿತು. ಟೈರಿನ ಪಾಲು ಸೇರಿದರೆ ೧೨. ಕಳೆದ ನಾಲ್ಕು ಸಿಕ್ಕಿತು.

ಈ ಎರಡರಲ್ಲಿ ತಪ್ಪು ಕಾಣದವರು ಮುಂದಿನ ಮೆಟ್ಟಿಲಿಗೆ ಹೋಗಬೇಕು. ಅರ್ಧ ಗಂಟೆ ಓಡಿದರೂ ಎಂಜಿನಿನ ಶಾಖದ ಮುಳ್ಳು ಮಧ್ಯಕ್ಕೆ ಬಾರದಿದ್ದರೆ ಥರ್ಮೋಸ್ಟಾಟು ತೆರೆದುಕೊಂಡೇ ನಿಂತಿದೆಯೆಂದು ತಿಳಿಯಬಹುದು. ಎಂಜಿನು ಇನ್ನೂ ತಣ್ಣಗಿದೆಯೆಂದು ಭಾವಿಸಿ ಕಾರಿನ ಕಂಪ್ಯೂಟರು ಹೆಚ್ಚು ಪೆಟ್ರೋಲನ್ನು ಸುರಿಯುತ್ತದೆ. ಏರಿನಲ್ಲಿ ಎಂಜಿನಿನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಎಂಜಿನಿನ ಎಚ್ಚರಿಕೆಯ ದೀಪ ಹತ್ತಿದ್ದರೆ ಆಮ್ಲಜನಕದ ಸೆನ್ಸರು, ಸ್ಪಾರ್ಕ್ ಪ್ಲಗ್ಗು ಮೊದಲಾದವನ್ನು ಯಂತ್ರವಿಟ್ಟು ಓದಿಸಬೇಕು. ಏರ್ ಫಿಲ್ಟರಿನ ವಿಷಯದಲ್ಲಿ ಮಾತ್ರ ಹಿರಿಯರ ಉಪದೇಶವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಕಾರ್ಬ್ಯುರೇಟರು ಇದ್ದ ಅಂಬಾಸಿಡರು, ಫಿಯೆಟ್ಟುಗಳ ಕಾಲದಲ್ಲಿ ಫಿಲ್ಟರು ಕಟ್ಟಿಕೊಂಡರೆ ಪೆಟ್ರೋಲು ವ್ಯಯವಾಗುತ್ತಿತ್ತು. ಇಂದಿನ ಕಾರಿನಲ್ಲಿ ಒಳಬಂದ ಗಾಳಿಯನ್ನು ಅಳೆದೇ ಪೆಟ್ರೋಲು ಬಿಡುವುದರಿಂದ, ಕಟ್ಟಿಕೊಂಡ ಫಿಲ್ಟರು ಎಳೆಯುವ ಶಕ್ತಿಯನ್ನು ಕುಗ್ಗಿಸುವುದೇ ಹೊರತು ಮೈಲೇಜನ್ನು ಅಷ್ಟಾಗಿ ಕೆಡಿಸುವುದಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ೨೦೦೯ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ್ದಾರೆ.

ಯಂತ್ರವು ಆರೋಗ್ಯವಾಗಿದ್ದರೂ ಚಾಲಕನ ಕಾಲು ಪೆಟ್ರೋಲನ್ನು ಚೆಲ್ಲಬಹುದು. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ಗಂಟೆಗೆ ೮೦ರಲ್ಲಿದ್ದ ತಡೆ ೧೦೦ರಲ್ಲಿ ಒಂದೂವರೆ ಪಟ್ಟನ್ನು ಮೀರುತ್ತದೆ. ಬಂಡೀಪುರದ ಕಾಡಿನೊಳಗೆ ಊಟಿ ರಸ್ತೆಯಲ್ಲಿ ಪ್ರಾಣಿಗಳ ರಕ್ಷಣೆಗಾಗಿ ಹಂಪುಗಳ ಸಾಲೇ ಇದೆ. ಅರವತ್ತರ ವೇಗದಲ್ಲಿ ಬಂದು, ಹಂಪಿನ ಬಳಿ ಇಪ್ಪತ್ತಕ್ಕೆ ಬ್ರೇಕು ಒತ್ತಿ, ಮತ್ತೆ ಅರವತ್ತಕ್ಕೆ ಏರಿಸುವವನು ಪ್ರತಿ ಹಂಪಿಗೂ ೨೦ ಮಿಲಿಲೀಟರನ್ನು ತೆರುತ್ತಾನೆ. ಐವತ್ತು ಹಂಪಾದರೆ ಒಂದು ಲೀಟರು, ಎಂದರೆ ಒಂದು ಗೋಪಾಲಸ್ವಾಮಿ ಬೆಟ್ಟ! ಮೂವತ್ತರಲ್ಲಿಯೇ ಸಮಾಧಾನವಾಗಿ ಹೋಗುವವನಿಗೆ ಹಂಪಿಗೆ ಮೂರೇ ಮಿಲಿಲೀಟರು. ಜಿಂಕೆಗೂ ಕ್ಷೇಮ, ಜೇಬಿಗೂ ಕ್ಷೇಮ.

ಕೊನೆಯದಾಗಿ ಒಂದು ಅಪಾಯದ ಮಾತು. ಇಳಿಜಾರಿನಲ್ಲಿ ಗೇರನ್ನು ಬಿಡಿಸಿ, ಕೆಲವರು ಎಂಜಿನನ್ನೇ ಆರಿಸಿ, ಕಾರನ್ನು ಜಾರಲು ಬಿಡುತ್ತಾರೆ. ಪೆಟ್ರೋಲು ಉಳಿಯುತ್ತದೆಂಬ ನಂಬಿಕೆ. ಇದು ತಪ್ಪು. ಇಂದಿನ ಕಾರು ಗೇರಿನಲ್ಲಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ, ಗಾಲಿಗಳೇ ಎಂಜಿನನ್ನು ತಿರುಗಿಸುವುದರಿಂದ ಕಂಪ್ಯೂಟರು ಪೆಟ್ರೋಲನ್ನು ಪೂರ್ಣವಾಗಿ ನಿಲ್ಲಿಸುತ್ತದೆ. ಗೇರನ್ನು ಬಿಡಿಸಿದರೆ ಎಂಜಿನು ತನ್ನ ಉಸಿರಿಗಾಗಿ ಪೆಟ್ರೋಲು ಕುಡಿಯಲೇಬೇಕು. ಜೊತೆಗೆ ಎಂಜಿನಿನ ತಡೆಯೂ ಇಲ್ಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಎಂಜಿನನ್ನೇ ಆರಿಸಿದರೆ ಬ್ರೇಕಿಗೆ ದೊರೆಯುವ ಸಹಾಯಬಲವೂ ಹೋಗುತ್ತದೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ ೩೬ ತಿರುವುಗಳಿವೆ. ನಮ್ಮ ಕಾರಿನಂತೆ ಮೊದಲೇ ಕಾದ ಬ್ರೇಕಿನಿಂದ ಅಲ್ಲಿ ಇಳಿದರೆ ಬ್ರೇಕಿನ ಎಣ್ಣೆ ಕುದಿದು ಪೆಡಲು ನೆಲಕ್ಕೆ ಕುಸಿದೀತು. ಮೈಲೇಜು ಇಳಿಯುವುದು ಜ್ವರ ಬಂದಂತೆ. ಜ್ವರವೇ ರೋಗವಲ್ಲ, ಒಳಗಿರುವ ರೋಗದ ಸೂಚನೆ. ಹಣದ ನಷ್ಟಕ್ಕಿಂತ ಈ ಸೂಚನೆಯನ್ನು ಅಲಕ್ಷಿಸುವುದರಿಂದಾಗುವ ನಷ್ಟ ದೊಡ್ಡದು.

ಕಂಬಿಯನ್ನು ಉಜ್ಜಿ ಗ್ರೀಸು ಹಚ್ಚಿ, ಸವೆದ ಪ್ಯಾಡುಗಳನ್ನು ಬದಲಾಯಿಸಿ, ಗಾಳಿ ತುಂಬಿಸಿದ ಮೇಲೆ ಮೂರು ಸಲ ಟ್ಯಾಂಕು ತುಂಬಿಸಿ ಅಳೆದೆವು. ಸರಾಸರಿ ಹದಿನೈದೂವರೆ ಬಂದಿತು. ತಿಂಗಳಿಗೆ ಹನ್ನೊಂದು ಲೀಟರು ಉಳಿಯಿತು. ಕಾರು ಮಾರುವ ಮಾತು ನಿಂತಿತು. ತಾಯಿಯವರ ಮೈಸೂರಿನ ಪ್ರಯಾಣ ತಪ್ಪಲಿಲ್ಲ. ಇದಕ್ಕೆ ಬೇಕಾದ ಸಲಕರಣೆಗಳೆಂದರೆ ಗಾಳಿ ಅಳೆಯುವ ಒಂದು ಗೇಜು, ಒಂದು ನೋಟುಪುಸ್ತಕ, ಮತ್ತು ಪ್ರೌಢಶಾಲೆಯಲ್ಲಿ ಕಲಿತ ಗುಣಾಕಾರ ಭಾಗಾಕಾರ. ಕಾರುಳ್ಳ ಅಧ್ಯಾಪಕರೂ ಸಹಪಾಠಿಗಳೂ ಮುಂದಿನ ಸಲ ಟ್ಯಾಂಕು ತುಂಬಿಸುವಾಗ ಮೀಟರಿನ ಅಂಕಿಯೊಂದನ್ನು ಬರೆದಿಟ್ಟುಕೊಂಡರೆ ಈ ಲೇಖನದ ಶ್ರಮ ಸಾರ್ಥಕ.