ಕೂಡಿಡಲು ಕಾನೂನೇ ಬಿಡದ ನಗರ

ವಾಲ್‌ಸ್ಟ್ರೀಟ್ ಇರುವ ನ್ಯೂಯಾರ್ಕ್ ನಗರಕ್ಕೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ತನ್ನದೇ ಆದ ಆಪದ್ಧನ ಇರಲಿಲ್ಲ. ದುಡ್ಡಿಗೆ ಬರವಿತ್ತೆಂದಲ್ಲ. ಈ ವರ್ಷ ಮಿಕ್ಕಿದ್ದನ್ನು ಎತ್ತಿಟ್ಟು ಕೆಟ್ಟ ವರ್ಷದಲ್ಲಿ ಖರ್ಚು ಮಾಡಲು ಕಾನೂನು ಬಿಡುತ್ತಿರಲಿಲ್ಲ. ಸಾಲದ ಚಟ ಬಿಡಿಸಲೆಂದು ತಂದ ಕಾಯ್ದೆಯೇ ಉಳಿತಾಯಕ್ಕೂ ಅಡ್ಡ ನಿಂತಿತ್ತು.

ಇದರ ಬೇರು 1975ರಲ್ಲಿದೆ. ಅದಕ್ಕೆ ಮುಂಚೆ ಹಲವು ವರ್ಷ ನಗರಾಡಳಿತ ದಿನನಿತ್ಯದ ಖರ್ಚನ್ನೇ ಬಂಡವಾಳ ವೆಚ್ಚವೆಂದು ಬರೆದು ಸಾಲ ಎತ್ತುತ್ತಿತ್ತು. ಬರುತ್ತದೋ ಇಲ್ಲವೋ ತಿಳಿಯದ ಆದಾಯವನ್ನು ಬಂದೇ ಬಿಟ್ಟಿತೆಂದು ಲೆಕ್ಕ ಹಿಡಿದು ಅದರ ಮೇಲೊಂದು ಅಲ್ಪಾವಧಿ ಸಾಲ, ಅದನ್ನು ತೀರಿಸಲು ಇನ್ನೊಂದು. 1975ರ ಆರಂಭದ ತಿಂಗಳುಗಳಲ್ಲಿ ಬ್ಯಾಂಕುಗಳು ಕೈಚೆಲ್ಲಿದವು. ಅಕ್ಟೋಬರ್ 17ರಂದು ನಗರ ದಿವಾಳಿಯ ಅಂಚಿಗೇ ಬಂದು ನಿಂತಿತ್ತು. ಕೊನೇ ಗಳಿಗೆಯಲ್ಲಿ ಶಿಕ್ಷಕರ ಪಿಂಚಣಿ ನಿಧಿ 15 ಕೋಟಿ ಡಾಲರ್ ಕೊಡಲು ಒಪ್ಪಿದ್ದರಿಂದ ಬಚಾವಾಯಿತು. ಆದರೂ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಶಿಕ್ಷಕರು ಸೇರಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ತಲೆಮಾರುಗಳಿಂದ ಪುಕ್ಕಟೆಯಾಗಿ ಪದವಿ ಶಿಕ್ಷಣ ಕೊಡುತ್ತಿದ್ದ ಸಿಟಿ ಯೂನಿವರ್ಸಿಟಿ 1976ರಲ್ಲಿ ಶುಲ್ಕ ಹಾಕಿತು.

1975ರ ಸೆಪ್ಟೆಂಬರಿನಲ್ಲೇ ರಾಜ್ಯ ಶಾಸನಸಭೆ ಹಣಕಾಸು ತುರ್ತು ಕಾಯ್ದೆ ತಂದು ನಗರದ ಮೂಗುದಾರ ಹಿಡಿಯಿತು. ಸರ್ವಮಾನ್ಯ ಲೆಕ್ಕಪತ್ರ ನಿಯಮಗಳ ಪ್ರಕಾರ ವರ್ಷದ ಆಯವ್ಯಯ ಸರಿದೂಗಲೇಬೇಕು. ಕೊರತೆ 10 ಕೋಟಿ ಡಾಲರ್ ದಾಟಿದರೆ, ನಗರದ ಹಣಕಾಸಿನ ಮೇಲೆ ಆ ಕಾಯ್ದೆ ಕೂರಿಸಿದ ನಿಯಂತ್ರಣ ಮಂಡಳಿ ಮತ್ತೆ ಬಂದು ಕೂರುತ್ತದೆ. ಒಳ್ಳೆಯ ನಿಯಮವೇ. ತೊಡಕು ಇದ್ದದ್ದು ಆ ಲೆಕ್ಕದ ರೀತಿಯಲ್ಲಿ. ಹೋದ ವರ್ಷ ಉಳಿಸಿದ ಹಣ ಈ ವರ್ಷದ ಆದಾಯವಲ್ಲ. ಅದನ್ನು ತೆಗೆದು ಖರ್ಚು ಮಾಡಿದರೆ ಅಷ್ಟೂ ಹಣ ಕೊರತೆಯಾಗಿಯೇ ಕಾಣುತ್ತಿತ್ತು. ಸೋಜಿಗವೆಂದರೆ, ಈ ಕಟ್ಟು ಹಾಕಿದ ನ್ಯೂಯಾರ್ಕ್ ರಾಜ್ಯ ತನಗೆಂದು 1940ರ ದಶಕದಲ್ಲೇ ಮೀಸಲು ನಿಧಿ ಮಾಡಿಕೊಂಡಿತ್ತು!

ಹಾಗಾಗಿ ನಗರದ ಲೆಕ್ಕಿಗರು ಅಡ್ಡದಾರಿ ಹುಡುಕಿದರು. ಅಲ್ಲಿ ಆರ್ಥಿಕ ವರ್ಷ ಮುಗಿಯುವುದು ಜೂನ್ 30ಕ್ಕೆ. ಕೈಯಲ್ಲಿ ಹಣ ಉಳಿದಿದ್ದರೆ ಅಷ್ಟರೊಳಗೆ ಮುಂದಿನ ವರ್ಷದ ಸಾಲದ ಕಂತನ್ನು ಈಗಲೇ ಕಟ್ಟಿಬಿಡುವುದು. ಅನುದಾನ ಲ್ಯಾಪ್ಸ್ ಆಗದಿರಲೆಂದು ಮಾರ್ಚ್ ಕೊನೆಯಲ್ಲಿ ನಮ್ಮ ಕಚೇರಿಗಳಲ್ಲಿ ಬಿಲ್ಲುಗಳು ಓಡುತ್ತವಲ್ಲ, ಹೆಚ್ಚುಕಡಿಮೆ ಹಾಗೆಯೇ. ಆದರೆ ಈ ಉಪಾಯ ಹಣವನ್ನು ಒಂದು ವರ್ಷ ಮುಂದಕ್ಕೆ ಸಾಗಿಸುತ್ತದೆ, ಅಷ್ಟೇ. ಐದಾರು ವರ್ಷದಾಚೆಯ ಕಷ್ಟಕ್ಕೆ ಅದು ಒದಗುವುದಿಲ್ಲ.

2006ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕಾಲದಲ್ಲಿ ಇನ್ನೊಂದು ದಾರಿ ಸಿಕ್ಕಿತು: ನಿವೃತ್ತ ನೌಕರರ ವೈದ್ಯಕೀಯ ವೆಚ್ಚಕ್ಕೆಂದು ಒಂದು ಟ್ರಸ್ಟ್. ಎರಡು ವರ್ಷಗಳಲ್ಲಿ ಅದಕ್ಕೆ 250 ಕೋಟಿ ಡಾಲರ್ ಹಾಕಿದರು. ಹೆಸರಿಗೆ ಅದು ನಿವೃತ್ತರದ್ದು. 2008ರ ಕುಸಿತದ ನಂತರ ಬಜೆಟ್ಟಿನ ತೂತು ಮುಚ್ಚಲು ಅದನ್ನೇ ಬಳಸಿಕೊಂಡದ್ದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ನಿವೃತ್ತರಿಗೆ ಮಾತು ಕೊಟ್ಟು ಇಟ್ಟ ಹಣವನ್ನು ಹೀಗೆ ತಿರುಗಿಸುವುದು ನನ್ನ ಮಟ್ಟಿಗೆ ಸರಿಕಾಣದು. ಆದರೆ ನೇರ ಬಾಗಿಲಿಗೆ ಬೀಗ ಜಡಿದವರ ಪಾಲೂ ಆ ತಪ್ಪಿನಲ್ಲಿದೆ.

ಬೀಗ ತೆಗೆಯುವ ಮಾತು ಮತಪೆಟ್ಟಿಗೆಗೆ ಬಂದದ್ದು 2019ರ ನವೆಂಬರಿನಲ್ಲಿ. ನಗರದ ಸನ್ನದಿನ ತಿದ್ದುಪಡಿ ಕುರಿತ ಐದು ಪ್ರಶ್ನೆಗಳಲ್ಲಿ ನಾಲ್ಕನೆಯದು ಆಪದ್ಧನದ ನಿಧಿಯನ್ನೂ ಒಳಗೊಂಡಿತ್ತು. ಜನ ದೊಡ್ಡ ಬಹುಮತದಿಂದ ಒಪ್ಪಿದರು. ರಾಜ್ಯವೂ ತನ್ನ ಕಾನೂನನ್ನು ಸಡಿಲಿಸಿದ ಮೇಲೆ, 2021ರ ಆರ್ಥಿಕ ವರ್ಷದಲ್ಲಿ ನಿಧಿ ಹುಟ್ಟಿತು. ಅದರ ಮೂಲಧನ ಸುಮಾರು 50 ಕೋಟಿ ಡಾಲರ್. ಹಿಂದಿನ ವರ್ಷಗಳಿಂದ ಮುಟ್ಟಲಾಗದೆ ಪುಸ್ತಕದಲ್ಲೇ ಬಿದ್ದಿದ್ದ ಮಿಗುತಾಯ. ಮರುವರ್ಷ ತೆರಿಗೆ ಚೆನ್ನಾಗಿ ಬಂದು ಮೊತ್ತ 200 ಕೋಟಿಯ ಹತ್ತಿರಕ್ಕೆ ಏರಿತು.

ತೆಗೆಯುವುದಕ್ಕೆ ನಿಯಮ ಬಿಗಿಯಾಗಿದೆ. ಒಂದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ. ಅದಕ್ಕೂ ಹೆಚ್ಚು ಮುಟ್ಟಲೇಬೇಕಾದರೆ ಆರ್ಥಿಕ ಹಿಂಜರಿತ, ಪ್ರಕೃತಿ ವಿಕೋಪದಂಥ ಬಲವಾದ ಕಾರಣವಿದೆಯೆಂದು ಮೇಯರ್ ಪ್ರಮಾಣೀಕರಿಸಬೇಕು. ಹಾಕುವುದಕ್ಕೆ ಮಾತ್ರ ಇಂಥ ಬಿಗಿಯಿಲ್ಲ. ಅಮೆರಿಕದ ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘದ ಸಲಹೆಯಂತೆ ಸ್ಥಳೀಯ ಆಡಳಿತವೊಂದರ ಬಳಿ ಕನಿಷ್ಠ ಎರಡು ತಿಂಗಳ ಖರ್ಚಿನಷ್ಟು ಹಣ ಇರಬೇಕು. ನಗರದ ಕಂಟ್ರೋಲರ್ ಆಗಿದ್ದ ಬ್ರಾಡ್ ಲ್ಯಾಂಡರ್ 2022ರಲ್ಲಿ ತೆರಿಗೆ ಆದಾಯದ ಶೇ 16ರಷ್ಟನ್ನು ಗುರಿಯಾಗಿಟ್ಟು, ಒಳ್ಳೆಯ ವರ್ಷಗಳಲ್ಲಿ ತಾನಾಗಿಯೇ ಹಣ ಸೇರುವ ಸೂತ್ರವೊಂದನ್ನು ಮುಂದಿಟ್ಟರು. ಬಜೆಟ್ 10,000 ಕೋಟಿ ಡಾಲರ್ ದಾಟಿದ ನಗರಕ್ಕೆ 200 ಕೋಟಿ ಎಂದರೆ ಒಂದು ವಾರದ ಖರ್ಚು. ಹುಂಡಿ ಮಾಡಿಸಲು 45 ವರ್ಷ ಹಿಡಿಯಿತು. ಸುಭಿಕ್ಷದ ವರ್ಷದಲ್ಲಿ ಅದಕ್ಕೆ ಹಾಕಲೇಬೇಕೆಂಬ ಕಟ್ಟುಪಾಡು ಬರುವ ತನಕ ಆ ನಿಧಿ ಮೇಯರ್‌ಗಳ ಮರ್ಜಿಯಲ್ಲೇ ಇರುತ್ತದೆ.