ಹಳ್ಳದ ನೀರಿಗೂ ಲೆಕ್ಕ ಇರಲಿ



ಆಡಕಿ, ಸೇಡಂ, ಚಿತ್ತಾಪುರದ ಕಡೆಯ ಎಷ್ಟೋ ಸಣ್ಣ ಹಳ್ಳಗಳ ನೀರು ಕಾಗಿಣಾ ನದಿಗೆ, ಅಲ್ಲಿಂದ ಭೀಮೆಗೆ ಹೋಗುತ್ತದೆ. ಮಳೆ ನಿಂತು ತೊಗರಿ ಹೂವಾಡುವ ಹೊತ್ತಿಗೆ ಬಾಂದಾರಕ್ಕೆ ಹಲಗೆ ಬೀಳುತ್ತದೆ, ಜಗಳವೂ ಏಳುತ್ತದೆ. “ಮೇಲಿನವರು ನೀರು ಬಿಟ್ಟಿಲ್ರೀ” ಎಂದು ಕೆಳಗಿನವರು. “ಬಿಟ್ಟೀವಿ, ಹಳ್ಳದಾಗೇ ನೀರಿಲ್ಲ” ಎಂದು ಮೇಲಿನವರು. ಬರೆದಿಟ್ಟ ಅಳತೆ ಇಲ್ಲದಿದ್ದರೆ ಪಂಚರಾದರೂ ಏನು ಹೇಳಿಯಾರು?

ಅಳೆಯುವುದು ಕಷ್ಟವಲ್ಲ. ಗಟ್ಟಿ ತಗಡಿನಲ್ಲಿ, ಚೂಪು ಕೆಳಗಾಗುವಂತೆ, 90 ಡಿಗ್ರಿಯ ಮುಕ್ಕೋನದ ಬಾಯಿ ಕೊಯ್ದು, ಬಾಂದಾರದ ಕೆಳಗೆ ಹಳ್ಳಕ್ಕೆ ಅಡ್ಡಲಾಗಿ ನೆಟ್ಟಗೆ ನಿಲ್ಲಿಸಿರಿ. ಪಕ್ಕದಿಂದ, ಅಡಿಯಿಂದ ನೀರು ಸೋರಬಾರದು. ಬಾಯಿಯಿಂದ ಆಚೆಗೆ ಸಡಿಲವಾಗಿ ದುಮುಕಬೇಕು. ಎತ್ತರವನ್ನು ಬಾಯಿಯಲ್ಲೇ ನೋಡಬೇಡಿರಿ, ಅಲ್ಲಿ ನೀರು ಬಾಗಿರುತ್ತದೆ. ಒಂದು ಮೀಟರ್ ಹಿಂದೆ ಶಹಾಬಾದಿ ಫರಸಿಯೊಂದನ್ನು ಹೂತು, ಬಾಯಿಯ ತುದಿಯ ಮಟ್ಟಕ್ಕೆ ಸೊನ್ನೆ ಹಾಕಿ, ಸೆಂಟಿಮೀಟರಿನ ಗೆರೆ ಕೊರೆಯಿರಿ.

ನೀರು 10 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಹರಿಯುತ್ತದೆ. 20 ಇದ್ದರೆ? ಎರಡರಷ್ಟಲ್ಲ, ಸುಮಾರು 25 ಲೀಟರ್! ಕಣ್ಣಂದಾಜು ಮೋಸ ಮಾಡುವುದು ಇಲ್ಲಿಯೇ.

ದಿನಾ ಒಂದೇ ಹೊತ್ತಿಗೆ ಓದಿರಿ. ತಾರೀಖು, ಎತ್ತರ, ಎಷ್ಟು ಹಲಗೆ ಹಾಕಿತ್ತು, ಮೇಲೆ ಎಷ್ಟು ಪಂಪು ನಡೆದಿದ್ದವು, ಎಲ್ಲ ಒಂದೇ ಸಾಲಿನಲ್ಲಿ ಬರಲಿ. ಹಲಗೆಯ ಲೆಕ್ಕ ಬಿಟ್ಟರೆ ನೀರು ತಗ್ಗಿದ್ದು ಬರಕ್ಕೋ ಬಾಂದಾರಕ್ಕೋ ತಿಳಿಯದು. ಹಿಂದೆ ನಿಂತ ಹೂಳನ್ನು ಆಗಾಗ ತೆಗೆಯಿರಿ. ದೊಡ್ಡ ಮಳೆಗೆ ತಗಡು ಕಿತ್ತು ಮನೆಗೆ ತನ್ನಿರಿ, ಇಲ್ಲವಾದರೆ ಹಳ್ಳವೇ ಒಯ್ದೀತು.

ವಹಿಯನ್ನು ಮೇಲಿನವರೊಬ್ಬರು, ಕೆಳಗಿನವರೊಬ್ಬರು ಕೂಡಿಯೇ ಬರೆಯಲಿ.